ಕನ್ನಡಕದಮ್ಮನ ಹೌದು

ಆ ಬಾಗಿಲಿಗೆ ಗೋಡೆಯೇ ಇರಲಿಲ್ಲ. ಚೌಕಟ್ಟು, ಚಿಲಕ, ಕರೆಗಂಟೆ, ಕಾಲೊರಸು ಸಮೇತ ಹಜಾರದ ನಟ್ಟನಡುವೆ ಒಂಟಿಯಾಗಿ ನಿಂತಿತ್ತು. ನೀವೇ ಮನೆಯೊಡತಿ ಅಂದುಕೊಳ್ಳಿ ಎಂದು ನನ್ನನ್ನು ಅದರ ಹಿಂದೆ ನಿಲ್ಲಿಸಿ, ಮಾರಾಟದವರಿಗೆ ಪಾಠ ಹೇಳುವ ಕ್ಯಾಪ್ಟನ್ ಆಚೆ ಬದಿಗೆ ಹೋದ.

ಗಂಟೆ ಬಡಿಯಿತು. ತೆರೆದೆ. ಆಸಾಮಿ ಹೊಸ್ತಿಲ ಹತ್ತಿರ ಇರಲೇ ಇಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿದು, ಪಕ್ಕಕ್ಕೆ ತಿರುಗಿ ನಿಂತು, ತಲೆಯೆತ್ತಿ ನನ್ನ ಛಾವಣಿಯನ್ನು ಕನಿಕರದಿಂದ ನೋಡುತ್ತಿದ್ದ. ನನಗೆ ಅಲ್ಲಿ ಛಾವಣಿ ಎಲ್ಲಿ ಬಂತು? ಆದರೂ ನಾನು ಪೆದ್ದಿಯ ಹಾಗೆ ಕತ್ತೆತ್ತಿ ನೋಡಿದೆ. ಸುತ್ತ ಕುರ್ಚಿಗಳಲ್ಲಿ ಕೂತಿದ್ದ ಮಾರಾಟದವರೆಲ್ಲ ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಮನೆಗಳಿಗೆ ಸೋಲಾರ್ ಪ್ಯಾನೆಲ್ ಮಾರುವ ಈ ಕಚೇರಿಗೆ ನಾನು ಬಂದದ್ದು ಕನ್ನಡಕದಂಗಡಿ ನಡೆಸುವ ಕನ್ನಡಕದಮ್ಮನ ಸಲುವಾಗಿ. ಯಾರಿಗೂ ಒಪ್ಪಿಗೆ ಕೊಡದಿದ್ದರೂ ಒಂದು ಸಂಜೆ ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ತನ್ನ ಛಾವಣಿಯ ತುಂಬ ಪ್ಯಾನೆಲ್ ಕೂತಿದ್ದವು ಎನ್ನುತ್ತಾರೆ ಆಕೆ. ಆಕೆಯೇ ಫೋನಿನಲ್ಲಿ ಬಾಯಾರೆ ಒಪ್ಪಿದ್ದಾರೆ, ಧ್ವನಿಮುದ್ರಣ ಇದೆ ಎನ್ನುತ್ತದೆ ಕಂಪನಿ. ಇಬ್ಬರಲ್ಲಿ ಯಾರ ಮಾತು ನಿಜ ಎಂದು ಹುಡುಕುತ್ತ ನನ್ನ ಚಪ್ಪಲಿ ಸವೆದಿದ್ದವು.

ಕ್ಯಾಪ್ಟನ್ ಮಾತ್ರ ಪಾಠ ನಿಲ್ಲಿಸಲಿಲ್ಲ. ಗಂಟೆ ಒತ್ತಿದ ಮೇಲೆ ಹಿಂದೆ ಸರಿಯಬೇಕಂತೆ, ಮುಂದೆ ನಿಂತವನನ್ನು ಕಂಡರೆ ಜನ ಬಾಗಿಲು ಹಾಕುತ್ತಾರೆ, ಹಿಂದೆ ನಿಂತವನನ್ನು ಕಂಡರೆ ತಾವೇ ಹೊರಗೆ ಬರುತ್ತಾರೆ. ಕುಡಿಯಲು ನೀರು ಕೇಳಬೇಕಂತೆ, ನೀರು ತರಲು ಹೋದವರು ಬಾಗಿಲು ಮುಚ್ಚಿ ಹೋಗುವುದಿಲ್ಲ. ಒಳಗೆ ಹೋದ ಮೇಲೆ ಸೋಫಾದಲ್ಲಿ ಕೂರಲೇಬಾರದು, ಅಡುಗೆಮನೆಯ ಮೇಜಿಗೇ ಹೋಗಬೇಕು. ಸಂಸಾರದ ತೀರ್ಮಾನಗಳೆಲ್ಲ ಅಲ್ಲಿಯೇ ಆಗುವುದು. ಬೇಕೋ ಬೇಡವೋ ಎಂದು ಅಪ್ಪಿತಪ್ಪಿಯೂ ಕೇಳಬಾರದು. ಕೆಲಸದವರು ಸೋಮವಾರ ಬರಲೋ ಬುಧವಾರ ಬರಲೋ ಎಂದು ಕೇಳಬೇಕು.

ಮೂಗಿಗೆ ತುಪ್ಪ ಸವರುವುದಕ್ಕೂ ಇಷ್ಟು ಶಾಸ್ತ್ರ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಸಾಕು ಮಾಡಪ್ಪ, ನನಗೆ ಆ ಒಪ್ಪಿಗೆಯ ಧ್ವನಿ ಕೇಳಿಸು ಎಂದೆ. ಅವನು ಮುಖ ಸಿಂಡರಿಸಲಿಲ್ಲ, ಗಾಬರಿಯೂ ಆಗಲಿಲ್ಲ. ನೀವು ಕೇಳುವುದನ್ನೇ ಕಾಯುತ್ತಿದ್ದೆ ಎಂಬಂತೆ ತನ್ನ ಗಾಜಿನ ಕೋಣೆಗೆ ಕರೆದೊಯ್ದ. ಕಳ್ಳನಿಗೆ ಇರಬೇಕಾದ ಅಳುಕು ಅವನಲ್ಲಿ ಕಾಣದೆ ನನಗೇ ಅಳುಕಾಯಿತು.

ಕೋಣೆಯ ಗೋಡೆಯ ತುಂಬ ನಮ್ಮ ಬಡಾವಣೆಯ ನಕ್ಷೆ. ಮನೆಮನೆಗೂ ಗುಂಡುಪಿನ್ನು ಚುಚ್ಚಿದ್ದರು, ಕೆಂಪು ಬಹಳ, ಹಸಿರು ಅಲ್ಲೊಂದು ಇಲ್ಲೊಂದು. ಮೂಲೆಯಲ್ಲಿ ಒಂದು ಹಿತ್ತಾಳೆ ಗಂಟೆ. ಒಂದೊಂದು ಮನೆ ಬಿದ್ದಾಗಲೂ ಅದನ್ನು ಬಾರಿಸುತ್ತಾರಂತೆ. ‘ಬಿದ್ದಾಗ’ ಎನ್ನುವುದು ಅವನದೇ ಮಾತು.

ಕನ್ನಡಕದಮ್ಮನ ಮನೆಗೆ ಪ್ಯಾನೆಲ್ ಮಾರಿದವನು ಇವರಲ್ಲೆಲ್ಲ ಚತುರ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವನು. ಎಲ್ಲರೂ ಅವನನ್ನು ಸಕ್ಕರೆ ಎನ್ನುತ್ತಿದ್ದರು. ಕಳೆದ ವಾರ ಕೆಲಸ ಬಿಟ್ಟು ಹೋಗಿದ್ದಾನೆ. ಎಲ್ಲಿಗೆ ಎಂದರೆ ಗೊತ್ತಿಲ್ಲ ಎಂಬ ಉತ್ತರ. ನನಗೆ ಬೇಕಾದ ಕಳ್ಳ ಸಿಕ್ಕಿದ ಎಂದುಕೊಂಡೆ.

‘ನಿಮ್ಮ ಸಕ್ಕರೆ ಪಕ್ಕದಲ್ಲೇ ಕೂತು, ಆಯಮ್ಮನ ಕೈಲಿ ಹೇಳ್ಸಿರ್ತಾನೆ,’ ಎಂದೆ.

‘ಇಲ್ಲ ಮೇಡಂ. ಒಪ್ಪಿಗೆ ಕಾಲ್ ನಡೀವಾಗ ಮಾರಿದವನು ಮನೆ ಒಳಗೆ ಇರಂಗಿಲ್ಲ. ಬೀದಿಗೆ ಬಂದು ನಿಲ್ಲಬೇಕು. ನಮ್ಮಲ್ಲಿ ಅದೇ ಮೊದಲನೇ ನಿಯಮ.’

ಅದು ಸುಳ್ಳಲ್ಲ ಎಂದು ನನಗೆ ಗೊತ್ತಿತ್ತು. ಆ ಕಾಲ್ ನಡೆದ ಮಧ್ಯಾಹ್ನ ಸಕ್ಕರೆ ಕನ್ನಡಕದಮ್ಮನ ಗೇಟಿನ ಹೊರಗೆ ಕೈಕಟ್ಟಿಕೊಂಡು ನಿಂತಿದ್ದನ್ನು ಎದುರುಮನೆಯವರು ನೋಡಿದ್ದರು. ಶಾಲೆಯಲ್ಲಿ ಶಿಕ್ಷೆಗೆ ನಿಂತವನ ಹಾಗೆ ನಿಂತಿದ್ದನಂತೆ.

‘ಕೇಳೋದು ಮನುಷ್ಯರಲ್ಲ, ಯಂತ್ರ,’ ಕ್ಯಾಪ್ಟನ್ ಮುಂದುವರಿಸಿದ. ‘ಅದಕ್ಕೆ ಆಸೆ ಇಲ್ಲ, ಕಮಿಷನ್ ಇಲ್ಲ. ಅದು ಕೇಳುತ್ತೆ, ಮನೆಯವರು ಹೌದು ಅಂತಾರೆ. ಇದರಲ್ಲಿ ಮೋಸಕ್ಕೆ ಜಾಗ ಎಲ್ಲಿದೆ ನೀವೇ ಹೇಳಿ.’

ಬಟನ್ ಒತ್ತಿದ. ಯಂತ್ರದ ಹೆಣ್ಣುದನಿ ಜೇನಿನಲ್ಲಿ ಅದ್ದಿ ತೆಗೆದಂತಿತ್ತು. ಈ ಮನೆ ನಿಮ್ಮದೇ?

ಟಕ್ ಎಂದು ಸಣ್ಣ ಸದ್ದು. ಆಮೇಲೆ, ‘ಹೌದು.’

ಅದು ಕನ್ನಡಕದಮ್ಮನ ಧ್ವನಿಯೇ. ಆ ಎತ್ತರದ, ಸ್ವಲ್ಪ ಮೂಗಿನಿಂದ ಬರುವ, ಇಡೀ ಬೀದಿಗೆ ಪರಿಚಿತವಾದ ಧ್ವನಿ. ಇನ್ಯಾರೋ ಅಣಕ ಮಾಡಿದ್ದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ನಿಮ್ಮ ಛಾವಣಿಯ ಮೇಲೆ ಪ್ಯಾನೆಲ್ ಕೂರಿಸಲು ಒಪ್ಪುತ್ತೀರಾ? ಟಕ್. ‘ಹೌದು.’ ಇಪ್ಪತ್ತೈದು ವರ್ಷ ಅವನ್ನು ತೆಗೆಸುವಂತಿಲ್ಲ, ತಿಳಿದಿದೆಯೇ? ಟಕ್. ‘ಹೌದು, ಸರಿ.’ ಯಾರ ಬಲವಂತವೂ ಇಲ್ಲ ತಾನೇ? ಟಕ್. ‘ಹೌದು.’ ಕೊನೆಯ ಪ್ರಶ್ನೆ, ಎಲ್ಲವೂ ನಿಮಗೆ ಅರ್ಥವಾಗಿದೆಯೇ? ಅಲ್ಲಿ ಮಾತ್ರ ಟಕ್, ಟಕ್ ಎಂದು ಎರಡು ಸಲ ಸದ್ದಾಯಿತು. ‘ಹ್ಞೂಂ, ಹೌದು.’

ಏನದು ಟಕ್ ಟಕ್ ಎಂದು ಕೇಳಿದೆ. ಪೆನ್ನಿನ ತಲೆ ಒತ್ತುವ ಅಭ್ಯಾಸ ಇರಬೇಕು ಎಂದ. ಇರಬಹುದು ಎಂದುಕೊಂಡೆ. ಆದರೆ ಹಾಳಾದ್ದು ಆ ಸದ್ದು ಕಿವಿಯಿಂದ ಹೋಗಲಿಲ್ಲ, ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಅಲ್ಲಿಯೇ ಕೂತಿತು.

ಯಾವ ಫೋನಿನಿಂದ ಈ ಉತ್ತರಗಳು ಬಂದವು ಎಂದು ಕೇಳಿದ್ದಕ್ಕೆ ಅದನ್ನು ಹೊರಗಿನವರಿಗೆ ಹೇಳುವಂತಿಲ್ಲ ಎಂದ. ಗದರಿಸಿ ನೋಡಿದೆ, ಪೊಲೀಸು ಎಂದೆ. ಅವನು ನಗುತ್ತಲೇ ಎದ್ದು ನಕ್ಷೆಯ ಹತ್ತಿರ ಹೋಗಿ ಒಂದು ಹಸಿರು ಪಿನ್ನಿನ ಮೇಲೆ ಬೆರಳಿಟ್ಟ. ಕನ್ನಡಕದಮ್ಮನ ಮನೆ.

‘ಕೆಂಪು ಅಂದ್ರೆ ನಾವು ಬಾಗಿಲು ತಟ್ಟಿದ ಮನೆ. ಹಸಿರು ಅಂದ್ರೆ ಅವರಾಗೇ ಕರೆದ ಮನೆ. ಸಕ್ಕರೆ ಆ ಬಾಗಿಲು ತಟ್ಟಲೇ ಇಲ್ಲ ಮೇಡಂ. ಬನ್ನಿ ಅಂತ ಒಳಗಿನಿಂದಲೇ ಫೋನ್ ಬಂದಿತ್ತು.’

‘ಒಳಗಿನಿಂದ ಅಂದ್ರೆ? ಯಾರು?’

‘ಮನೆಯವರು,’ ಎಂದ ಕ್ಯಾಪ್ಟನ್. ಅಷ್ಟಕ್ಕೆ ಬಾಯಿಗೆ ಬೀಗ ಹಾಕಿಕೊಂಡ. ಧ್ವನಿಮುದ್ರಣವನ್ನು ಮಾತ್ರ ಧಾರಾಳವಾಗಿ ನನ್ನ ಫೋನಿಗೆ ಕಳಿಸಿದ, ಯಾರಿಗೆ ಬೇಕಾದರೂ ಕೇಳಿಸಿ ಎಂದು. ಆಯಮ್ಮನ ಮಗಳಿಗೂ ಆಗಲೇ ಕೊಟ್ಟಿದ್ದಾನಂತೆ.

ಹೊರಗೆ ಬಂದು ಫುಟ್‌ಪಾತಿನ ಮೇಲೆ ನಿಂತೆ. ತಲೆಯೊಳಗೆ ಹುಳ ಬಿಟ್ಟಂತಾಗಿತ್ತು. ಎತ್ತ ಯೋಚಿಸಿದರೂ ಒಂದೇ ಗೋಡೆಗೆ ಹೋಗಿ ಹಾಯುತ್ತಿದ್ದೆ. ಧ್ವನಿ ಆಕೆಯದು. ಸಕ್ಕರೆ ಬೀದಿಯಲ್ಲಿದ್ದ. ಕರೆದದ್ದು ಮನೆಯೊಳಗಿನಿಂದ. ಆ ಮನೆಯಲ್ಲಿ ಇರುವುದು ತಾಯಿ ಮಗಳು ಇಬ್ಬರೇ, ಮಗಳಿಗೆ ಇದರ ಗಂಧವೇ ಇಲ್ಲ ಎಂದು ಮಗಳೇ ಹೇಳಿದ್ದಾಳೆ.

ಹಾಗಾದರೆ ಉಳಿದದ್ದು ಒಂದೇ. ಕನ್ನಡಕದಮ್ಮ ತಾವೇ ಕರೆದು, ತಾವೇ ಒಪ್ಪಿ, ಮರೆತಿದ್ದಾರೆ.

ನನಗೆ ಈ ಉತ್ತರ ಬೇಡವಾಗಿತ್ತು. ಆಕೆಗೆ ಮರೆವು ಶುರುವಾಗಿದೆ, ಪ್ಯಾನೆಲ್ ವಿಷಯವೇ ಅದಕ್ಕೆ ಸಾಕ್ಷಿ ಎಂದು ಮಗಳು ನಾಳೆ ಬೆಳಗ್ಗೆ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದಾಳೆ. ಡಾಕ್ಟರು ಹೌದೆಂದರೆ ಅಂಗಡಿಗೆ ಬೀಗ. ಮನೆ, ಅಂಗಡಿ, ಸಹಿ ಎಲ್ಲವೂ ಮಗಳ ಕೈಗೆ. ನಲವತ್ತು ವರ್ಷ ಊರಿನ ಕಣ್ಣು ನೋಡಿದವರು ಇನ್ನು ಮೂಲೆಯ ಕುರ್ಚಿಯಲ್ಲಿ ಕೂರಬೇಕು.

ಈ ಕೇಸನ್ನು ನನ್ನ ಕೈಗೆ ಕೊಟ್ಟ ದಿನ ಆಕೆ ಹೇಳಿದ ಮಾತು ನೆನಪಾಯಿತು. ‘ನನಗೆ ಮರೆವು ಬಂದಿದ್ರೆ ಬಂದಿದೆ ಅಂತ ಮುಖದ ಮೇಲೆ ಹೇಳಿಬಿಡು, ಜಿಗಣೆ. ತಡ್ಕೋತೀನಿ. ಬಂದಿಲ್ಲ ಅಂದ್ರೆ ನನ್ನ ಬಾಯಿಂದ ಆ ಹೌದು ಹೇಗೆ ಬಂತು ಅಂತ ಹುಡುಕಿಕೊಡು.’

ಜಿಗಣೆ ಎಂದರೆ ನಾನೇ. ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುತ್ತಿದ್ದಾಗ ಬಿದ್ದ ಹೆಸರು, ಹಿಡಿದರೆ ಬಿಡುವುದಿಲ್ಲವೆಂದು. ಆಕೆ ಅದನ್ನು ಎಷ್ಟು ಅಕ್ಕರೆಯಿಂದ ಕರೆಯುತ್ತಾರೆಂದರೆ ಬೈಗುಳ ಎಂಬುದೇ ನನಗೆ ಮರೆತುಹೋಗಿದೆ.

ಮುಖದ ಮೇಲೆ ಹೇಳಿಬಿಡಬೇಕು ಎಂದು ಗಟ್ಟಿ ಮಾಡಿಕೊಂಡೇ ಅಂಗಡಿಗೆ ನಡೆದೆ. ದಾರಿಯುದ್ದಕ್ಕೂ ವಾಕ್ಯ ಕಟ್ಟುತ್ತ ಹೋದೆ. ಒಂದೂ ಸರಿಹೋಗಲಿಲ್ಲ.

ಕನ್ನಡಕದಂಗಡಿ ರೈಲುಡಬ್ಬಿಯ ಅರ್ಧದಷ್ಟೂ ಉದ್ದವಿಲ್ಲ. ಕಣ್ಣು ಪರೀಕ್ಷೆಗೆ ಬೇಕಾದ ದೂರ ಅಲ್ಲಿ ಸಿಗದು. ಅದಕ್ಕೆ ಚಾರ್ಟನ್ನು ಕುರ್ಚಿಯ ಹಿಂದೆ, ತಲೆಯ ಮೇಲೆ ನೇತುಹಾಕಿ, ಎದುರುಗೋಡೆಗೆ ಕನ್ನಡಿ ಹಾಕಿದ್ದಾರೆ. ಬೆನ್ನ ಹಿಂದಿರುವುದನ್ನು ಮುಂದೆ ಓದಬೇಕು. ಚಾರ್ಟಿನಲ್ಲಿ ಅಕ್ಷರಗಳಿಲ್ಲ, ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳು, ಸಾಲುಸಾಲಿಗೆ ಸಣ್ಣದಾಗುತ್ತ ಹೋಗುತ್ತವೆ. ಹಲ್ಲು ಎತ್ತ ಮುಖ ಮಾಡಿದೆ ಎಂದು ಹೇಳಿದರಾಯಿತು, ಓದು ಬಾರದವರೂ ಹೇಳಬಹುದು.

ಕನ್ನಡಕದಮ್ಮ ಯಾರದೋ ಫ್ರೇಮಿನ ಸಣ್ಣ ತಿರುಪನ್ನು ಬಿಗಿಮಾಡುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ತಲೆಯೆತ್ತಿ ನೋಡಿ, ‘ಯಾಕೆ ಕಣ್ಣು ಕಿರಿದು ಮಾಡ್ತಿದ್ದೀಯ? ಕೂತ್ಕೋ ಅಲ್ಲಿ,’ ಎಂದರು.

ಕಣ್ಣಿನದೇನೂ ತೊಂದರೆಯಿಲ್ಲ ಎಂದೆ. ಪತ್ತೇದಾರಿಕೆಯವಳಿಗೆ ಕಣ್ಣೇ ಬಂಡವಾಳ, ಮುರುಕು ತಕ್ಕಡಿ ಇಟ್ಟುಕೊಂಡು ಅಂಗಡಿ ತೆರೆಯಬೇಡ ಎಂದು ಗದರಿದರು. ನನಗೂ ಒಂದು ನೆಪ ಬೇಕಾಗಿತ್ತು. ಕೆಟ್ಟ ಸುದ್ದಿ ಹೇಳುವುದನ್ನು ಇನ್ನಷ್ಟು ಹೊತ್ತು ಮುಂದೂಡಬಹುದಲ್ಲ ಎಂದು ಕುರ್ಚಿಯಲ್ಲಿ ಕೂತೆ.

ಆಕೆ ನನ್ನ ಮೂಗಿನ ಮೇಲೆ ದಪ್ಪನೆಯ ಕಬ್ಬಿಣದ ಫ್ರೇಮು ಕೂರಿಸಿ, ಒಂದು ಕಣ್ಣಿಗೆ ಕಪ್ಪು ಬಿಲ್ಲೆ ಹಾಕಿದರು. ಪಕ್ಕದಲ್ಲಿ ಮಖಮಲ್ಲು ಹೊದಿಸಿದ ಮರದ ಪೆಟ್ಟಿಗೆ, ಅದರ ತುಂಬ ಲೋಹದ ಅಂಚಿನ ದುಂಡು ಗಾಜುಗಳು. ಬೆರಳು ನೋಡದೆಯೇ ಬೇಕಾದ ಗಾಜನ್ನು ಎತ್ತುತ್ತಿತ್ತು.

ಕೆಲಸ ಮಾಡುತ್ತಲೇ ಮಗಳ ಮಾತು ತೆಗೆದರು. ನಾಳೆಯ ಡಾಕ್ಟರ ಭೇಟಿಯ ಬಗ್ಗೆ ಆಕೆಗೆ ಸಿಟ್ಟಿಲ್ಲ. ಪಾಪ, ಅವಳು ಟ್ರಾವೆಲ್ ಆಫೀಸಿನಲ್ಲಿ ಇಡೀ ದಿನ ಫೋನು ಹಿಡಿದು ಗಂಟಲು ಹರಿದುಕೊಂಡು ಬರುತ್ತಾಳೆ, ಮೇಲೆ ನನ್ನ ಚಿಂತೆ ಬೇರೆ ಎಂದರು. ಚಿಕ್ಕವಳಿದ್ದಾಗ ಕನ್ನಡಕ ಹಾಕಿಕೊಳ್ಳಲು ನಾಚಿಕೆಯಾಗಿ ಆ ಚಾರ್ಟನ್ನೇ ಉರುಹೊಡೆದಿದ್ದಳಂತೆ. ಮೇಲಿನಿಂದ ಕೆಳಗಿನ ತನಕ ಗಿಳಿಯ ಹಾಗೆ ಒಪ್ಪಿಸುತ್ತಿದ್ದಳು, ಎದುರಿಗೆ ಬಂದವರ ಮುಖ ಮಾತ್ರ ಕಾಣುತ್ತಿರಲಿಲ್ಲ.

‘ನನಗೇ ಕಿವಿಗೆ ಹೂ ಇಡೋಕೆ ಬಂದ್ಲು,’ ನಗು ತಡೆಯಲಾಗದೆ ಹೇಳಿದರು. ‘ಅವತ್ತಿಂದ ಅವಳಿಗೆ ಮಾತ್ರ ಒಂದು ಪಟ್ಟು. ಹಾಕಿದ ಗಾಜನ್ನೇ ತೆಗೆದು, ಅದನ್ನೇ ತಕ್ಷಣ ಇನ್ನೊಂದು ಸಲ ಹಾಕ್ತೀನಿ. ಈಗ ಇನ್ನೂ ಚೆನ್ನಾಗಿ ಕಾಣ್ತಿದೆ ಅಮ್ಮ ಅಂದ್ರೆ ಸುಳ್ಳು. ಇವತ್ತಿಗೂ ಬಿಟ್ಟಿಲ್ಲ. ಅಷ್ಟು ದೊಡ್ಡವಳಾದ್ರೂ ಈ ಕುರ್ಚಿಲಿ ಕೂತ್ರೆ ನನಗವಳು ಕಳ್ಳಿಯೇ.’

ಹೇಳುತ್ತಾ ನನ್ನ ಫ್ರೇಮಿಗೆ ಒಂದು ಗಾಜು ಇಳಿಸಿದರು. ಟಕ್.

ಕೆಳಗಿನ ಸಾಲು ಎತ್ತ ತಿರುಗಿದೆ ಎಂದು ಕೇಳಿದರು. ಎಡಕ್ಕೆ ಎಂದೆ.

‘ಹೌದು.’

ಗಾಜು ಬದಲಾಯಿತು. ಟಕ್. ಈಗ? ಮೇಲಕ್ಕೆ ಎಂದೆ.

‘ಹೌದು, ಸರಿ.’

ಕನ್ನಡಿಯಲ್ಲಿ ಕಬ್ಬಿಣದ ಫ್ರೇಮು ಹಾಕಿಕೊಂಡ ನನ್ನದೇ ಮುಖ ಬಾಯಿ ಬಿಟ್ಟುಕೊಂಡು ಕಾಣುತ್ತಿತ್ತು. ಇನ್ನೊಂದು ಸಲ ಹಾಕಿ ಎಂದೆ. ಆಕೆ ಹಾಕಿದರು. ಟಕ್. ಬಲಕ್ಕೆ ಎಂದೆ, ಸುಮ್ಮನೆ, ನೋಡದೆಯೇ.

‘ಬಲಕ್ಕೆ ಎಲ್ಲೇ? ಅದು ಕೆಳಕ್ಕೆ. ಸರಿಯಾಗಿ ನೋಡಿ ಹೇಳು.’

ನಾನು ಫ್ರೇಮನ್ನು ಕಿತ್ತು ಮೇಜಿನ ಮೇಲಿಟ್ಟು ಎದ್ದುನಿಂತೆ. ಪೆನ್ನಂತೆ ಪೆನ್ನು! ಆ ಕ್ಯಾಪ್ಟನ್ನಿಗೆ ಪೆನ್ನಿನ ಸದ್ದಾಗಿ ಕೇಳಿಸಿದ್ದು ಗಾಜು ಫ್ರೇಮಿಗೆ ಇಳಿಯುವ ಸದ್ದು. ಹೌದು ಎಂದದ್ದು ಕನ್ನಡಕದಮ್ಮನೇ, ಆದರೆ ಯಂತ್ರಕ್ಕಲ್ಲ. ಈ ಕುರ್ಚಿಯಲ್ಲಿ ಕೂತು ಯಾರೋ ಮೇಲೆ ಕೆಳಗೆ ಎಡ ಬಲ ಎನ್ನುತ್ತಿದ್ದಾಗ, ಆಕೆ ಜೀವಮಾನವೆಲ್ಲ ಹೇಳಿದ ಹಾಗೆ ಹೇಳಿದ್ದಾರೆ. ಅದನ್ನು ಯಾರೋ ಫೋನಿನಲ್ಲಿ ಹಿಡಿದು, ಕತ್ತರಿಸಿ, ಯಂತ್ರದ ಪ್ರಶ್ನೆಗಳಿಗೆ ಒಂದೊಂದಾಗಿ ಉಣಿಸಿದ್ದಾರೆ.

ಇದನ್ನು ನಾನು ಎಷ್ಟು ಅಡ್ಡಾದಿಡ್ಡಿಯಾಗಿ ಹೇಳಿದೆನೋ, ಕನ್ನಡಕದಮ್ಮ ಮೊದಲು ನನ್ನ ಹಣೆ ಮುಟ್ಟಿ ನೋಡಿದರು. ಆಮೇಲೆ ಫೋನಿನಲ್ಲಿ ಧ್ವನಿಮುದ್ರಣ ಕೇಳಿಸಿದೆ. ಅಲ್ಲಿಯವರೆಗೆ ಆಕೆ ಅದನ್ನು ಕೇಳಿಯೇ ಇರಲಿಲ್ಲ. ಕೇಳಿದರೆ ನಿನ್ನ ಮನಸ್ಸಿಗೆ ನೋವಾಗುತ್ತದೆ ಎಂದು ಮಗಳು ಕೇಳಿಸಿರಲಿಲ್ಲವಂತೆ.

ಮೊದಲ ಟಕ್ ಬರುತ್ತಿದ್ದಂತೆಯೇ ಆಕೆಯ ಕೈ ತಾನಾಗಿ ಗಾಜಿನ ಪೆಟ್ಟಿಗೆಯತ್ತ ಹೋಯಿತು. ಆಮೇಲೆ ನಗತೊಡಗಿದರು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂದು, ಸ್ಟೂಲಿನ ಮೇಲೆ ಕುಸಿದು ಕೂತು, ಸೆರಗಿನಿಂದ ಮುಖ ಒರೆಸಿಕೊಂಡರು.

‘ಹಾಗಾದ್ರೆ ನನ್ನ ತಲೆ ನೆಟ್ಟಗಿದೆ,’ ಎಂದರು. ‘ನೆಟ್ಟಗಿದೆ ಕಣೇ, ಜಿಗಣೆ. ನಾನು ಎಷ್ಟು ಹೆದರಿಕೊಂಡಿದ್ದೆ ಅಂತ ನಿನಗೆ ಗೊತ್ತಿಲ್ಲ.’

ಕೇಸುಗಳಲ್ಲಿ ಕಣ್ಣೀರು ಹಾಕುವ ಜಾತಿಯವಳಲ್ಲ ನಾನು, ಆದರೂ ಮುಖ ಆಚೆ ತಿರುಗಿಸಬೇಕಾಯಿತು. ಇಷ್ಟು ದಿನ ಆಕೆ ರಾತ್ರಿಯೆಲ್ಲ ತನ್ನ ನೆನಪನ್ನೇ ತಡಕಾಡಿಕೊಂಡು ಮಲಗಿರಬೇಕು.

ಆಮೇಲೆ ನನ್ನ ಬುದ್ಧಿ ಚುರುಕಾಯಿತು. ಸಕ್ಕರೆಯೇ ಗಿರಾಕಿಯ ವೇಷದಲ್ಲಿ ಬಂದಿರುತ್ತಾನೆ, ನೆನಪಿಸಿಕೊಳ್ಳಿ ಎಂದೆ. ಎದುರುಮನೆಯವರು ಹೇಳಿದ ಚಹರೆ ಕೊಟ್ಟೆ, ಚಿನ್ನದ ಹಲ್ಲು, ನುಣುಪು ಮಾತು, ಸದಾ ನಗು. ಆಕೆ ತಲೆಯಾಡಿಸಿದರು. ಮುಖಗಳು ಆಕೆಗೆ ನೆನಪಿರುವುದಿಲ್ಲವಂತೆ, ಕಣ್ಣು ನೆನಪಿರುತ್ತವೆ. ಇನ್ನೊಂದು ಸಲ ಹಾಕು, ಗಾಜಿನ ಸದ್ದು ಕೇಳಿದರೆ ಯಾರ ಕಣ್ಣೆಂದು ಹೊಳೆದರೂ ಹೊಳೆಯಬಹುದು ಎಂದು ಉತ್ಸಾಹದಿಂದ ಕಿವಿಯನ್ನು ಫೋನಿಗೆ ಹಚ್ಚಿದರು. ಆಗ ಆಕೆಯ ಮುಖ ಹದಿನಾರರ ಹುಡುಗಿಯ ಮುಖದ ಹಾಗಿತ್ತು.

ಪ್ರಶ್ನೆಗಳು ಸಾಗಿದವು. ಟಕ್, ಹೌದು. ಟಕ್, ಹೌದು. ಕೊನೆಗೆ ಬಂತು.

ಟಕ್, ಟಕ್. ‘ಹ್ಞೂಂ, ಹೌದು.’

ಕನ್ನಡಕದಮ್ಮ ತಲೆ ಎತ್ತಲಿಲ್ಲ. ಅದನ್ನು ಮಾತ್ರ ಇನ್ನೊಮ್ಮೆ ಹಾಕು ಎಂದರು. ಹಾಕಿದೆ. ಟಕ್, ಟಕ್. ಆಮೇಲೆ ಅವರು ಗಾಜಿನ ಪೆಟ್ಟಿಗೆಯ ಮುಚ್ಚಳ ಎಳೆದು ಮೆಲ್ಲಗೆ ಮುಚ್ಚಿದರು.

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಹಾಕಿದ ಗಾಜನ್ನೇ ತೆಗೆದು ಇನ್ನೊಂದು ಸಲ ಹಾಕುವ ಪಟ್ಟು. ಇಡೀ ಊರಿನಲ್ಲಿ ಒಬ್ಬಳೇ ಒಬ್ಬಳಿಗೆ. ಈಗಷ್ಟೇ ನಗುನಗುತ್ತಾ ಅವರೇ ಹೇಳಿದ್ದರು.

ಹಸಿರು ಪಿನ್ನು ಕಣ್ಣ ಮುಂದೆ ಬಂತು. ಒಳಗಿನಿಂದಲೇ ಫೋನ್ ಬಂದಿತ್ತು.

‘ಈ ಸಲ ಮಗಳ ಕಣ್ಣು ಯಾವಾಗ ನೋಡಿದ್ರಿ?’ ಕೇಳಬಾರದಿತ್ತು, ಕೇಳಿದೆ.

‘ಪ್ಯಾನೆಲ್ ಬರೋಕೆ ಸ್ವಲ್ಪ ಮುಂಚೆ. ಅವಳೇ ಬಂದಳು. ತಲೆನೋವು ಅಮ್ಮ, ಕಣ್ಣು ನೋಡು ಅಂತ.’

‘ಅವತ್ತು ಬೆಂಚಿನ ಮೇಲೆ ಬೇರೆ ಯಾರಾದ್ರೂ ಕೂತಿದ್ರಾ? ಸಕ್ಕರೆ ತರದವನು? ಅವಳಿಗೆ ಗೊತ್ತಿಲ್ಲದೇನೂ ಯಾರೋ ರೆಕಾರ್ಡ್ ಮಾಡಿರಬಹುದು.’

‘ನನಗೇನು ಗೊತ್ತು? ನಾನು ಅವಳ ಕಣ್ಣು ನೋಡ್ತಿದ್ದೆ.’

ನಾನು ಮತ್ತೆ ಕುರ್ಚಿಯಲ್ಲಿ ಕೂತೆ. ನನ್ನ ತಲೆ ಮತ್ತೆ ಗೋಜಲಾಯಿತು. ಮಗಳು ಯಾಕೆ ಹೀಗೆ ಮಾಡಬೇಕು? ಅಂಗಡಿಯ ಆಸೆಯೇ? ಸಕ್ಕರೆಯ ಮಾತಿಗೆ ಮರುಳಾಗಿ, ಅಮ್ಮ ಬೇಡವೆನ್ನುತ್ತಾಳೆಂದು ಈ ಅಡ್ಡದಾರಿ ಹಿಡಿದಳೇ? ಮಾಡಿದ ಒಂದು ತಪ್ಪು ಮುಚ್ಚಲು ಅಮ್ಮನಿಗೆ ಮರೆವು ಎಂದು ಶುರುಮಾಡಿ, ಈಗ ಹಿಂದೆ ಬರಲಾರದೆ ಒದ್ದಾಡುತ್ತಿದ್ದಾಳೆಯೇ? ಅಥವಾ ಅವಳಿಗೆ ಏನೂ ಗೊತ್ತಿಲ್ಲವೇ? ಯಾವುದೂ ಸರಿ ಎನಿಸುತ್ತಿತ್ತು, ಯಾವುದೂ ಪೂರ್ತಿ ಸರಿ ಎನಿಸುತ್ತಿರಲಿಲ್ಲ.

ನಾಳೆ ಡಾಕ್ಟರ ಮುಂದೆ ಇದನ್ನು ಕೇಳಿಸಿ, ಗಾಜಿನ ಪೆಟ್ಟಿಗೆಯನ್ನೂ ಒಯ್ದು ತೋರಿಸೋಣ, ನಿಮ್ಮ ತಲೆ ಸರಿಯಿದೆ ಎಂದು ಅರೆಗಳಿಗೆಯಲ್ಲಿ ಸಾಬೀತಾಗುತ್ತದೆ ಎಂದೆ.

‘ಬೇಡ,’ ಎಂದರು ಕನ್ನಡಕದಮ್ಮ. ‘ನಿನ್ನ ಕೆಲಸ ಮುಗೀತು. ನನಗೆ ಮರೆವೇ.’

ನನಗೆ ರೇಗಿಹೋಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಹೇಗೋ ನುಂಗಿದೆ. ನಾಳೆ ಅಂಗಡಿ ಹೋಗುತ್ತದೆ, ಮನೆ ಹೋಗುತ್ತದೆ, ನಿಮ್ಮ ಮಾತಿಗೆ ಮೂರು ಕಾಸಿನ ಬೆಲೆ ಇರುವುದಿಲ್ಲ, ಹುಚ್ಚಿ ಎಂದು ಕೂರಿಸುತ್ತಾರೆ ಎಂದು ಕೂಗಾಡಿದೆ. ಆಕೆ ತಿರುಪುಳಿಯನ್ನು ಅದರ ಜಾಗಕ್ಕೆ ಇಟ್ಟು, ಮೇಜಿನ ಮೇಲಿದ್ದ ಹತ್ತಿಬಟ್ಟೆಯನ್ನು ಮಡಿಸಿದರು.

‘ಅಂಗಡಿ ಹೋದ್ರೆ ಅಂಗಡಿ ಹೋಯ್ತು. ಅವಳು ನಾಲ್ಕು ಜನರ ಮುಂದೆ ತಲೆ ತಗ್ಗಿಸಿದ್ರೆ ಆ ತಲೆ ಯಾರು ಎತ್ತೋದು? ಯಾಕೆ ಮಾಡಿದ್ಲೋ, ಮಾಡಿದ್ದು ಅವಳೇ ಹೌದೋ, ನನಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ. ಗೊತ್ತಾಗೋ ತನಕ ನಾನು ಮರೆತವಳು. ಅಷ್ಟೇ.’

‘ನಾನು ಸುಮ್ನಿರಲ್ಲ.’

‘ಗೊತ್ತು. ಜಿಗಣೆ ಅಲ್ವಾ.’

ಆಗ ಅಂಗಡಿಯ ಗಾಜಿನ ಬಾಗಿಲು ತಳ್ಳಿಕೊಂಡು ಮಗಳು ಒಳಗೆ ಬಂದಳು. ಕಚೇರಿಯಿಂದ ನೇರವಾಗಿ ಬಂದಿದ್ದಳು, ಕತ್ತಿನಲ್ಲಿ ಗುರುತಿನ ಚೀಟಿ ಇನ್ನೂ ತೂಗುತ್ತಿತ್ತು. ಮೂಗಿನ ಮೇಲೆ ಹೊಸ ಕನ್ನಡಕ, ಅಮ್ಮ ಮಾಡಿಕೊಟ್ಟದ್ದು. ಕಳೆದ ವಾರ ಅವರ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಾ ನನ್ನನ್ನು ಅವಳಿಗೆ ಪರಿಚಯ ಮಾಡಿಸಿದ್ದು ಕನ್ನಡಕದಮ್ಮನೇ. ಇವಳು ಜಿಗಣೆ, ನನ್ನ ಸ್ನೇಹಿತೆ ಎಂದಿದ್ದರು.

ಮಗಳು ನನ್ನತ್ತ ನೋಡಿ ನಕ್ಕಳು. ನಾನು ಫೋನನ್ನು ತೊಡೆಯ ಮೇಲೆ ಬೋರಲು ಹಾಕಿದೆ. ಕೇಳಿಬಿಡಬೇಕು, ಈಗಲೇ, ಇಲ್ಲಿಯೇ ಎಂದು ಬಾಯಿ ತೆರೆದೆ.

‘ಇವರು ಯಾರೇ?’ ಕನ್ನಡಕದಮ್ಮ ಮಗಳನ್ನು ಕೇಳಿದರು. ಧ್ವನಿ ಮಗುವಿನದರಂತೆ ಸಣ್ಣಗಾಗಿತ್ತು. ‘ಆಗಿನಿಂದ ಕೂತಿದ್ದಾರೆ. ಕಣ್ಣು ತೋರಿಸೋಕೆ ಬಂದಿರಬೇಕು. ನನಗೆ ಗುರುತೇ ಸಿಗ್ತಿಲ್ಲ.’

ಒಂದು ಕ್ಷಣ ನಾನೇ ನಂಬಿಬಿಟ್ಟೆ. ಆ ಕಣ್ಣುಗಳಲ್ಲಿ ನನ್ನ ಪರಿಚಯದ ಸುಳಿವೂ ಇರಲಿಲ್ಲ. ಮೇಜಿನ ಕೆಳಗೆ ಆಕೆಯ ಕೈ ಬಂದು ನನ್ನ ಮಣಿಕಟ್ಟನ್ನು ಹಿಡಿಯದಿದ್ದರೆ ಇವತ್ತಿಗೂ ನನಗೆ ಅನುಮಾನ ಉಳಿಯುತ್ತಿತ್ತು. ಗಾಜು ಹಿಡಿದು ಪಳಗಿದ ಬೆರಳುಗಳು, ಮೂಳೆ ನೋಯುವಷ್ಟು ಬಿಗಿಯಾಗಿ ಹಿಡಿದಿದ್ದವು.

ಮಗಳು ನಿಂತಲ್ಲಿಯೇ ನಿಂತಳು. ಕನ್ನಡಕ ತೆಗೆದಳು. ಕಣ್ಣು ತುಂಬಿಕೊಂಡಿದ್ದವು. ಅದು ದುಃಖವೋ ನಿರಾಳವೋ ನಾಚಿಕೆಯೋ, ಇಷ್ಟು ವರ್ಷ ಸುಳ್ಳು ಹಿಡಿದು ಹೊಟ್ಟೆ ಹೊರೆದ ನನಗೆ ತಿಳಿಯಲಿಲ್ಲ.

‘ನೋಡಿದ್ರಲ್ಲ ಅಕ್ಕಾ,’ ಎಂದಳು ಮೆಲ್ಲಗೆ. ‘ನಾನು ಹೇಳಿದ್ರೆ ಮಗಳು ಏನೋ ಆಸೆಗೆ ಹೇಳ್ತಾಳೆ ಅಂತಾರೆ. ನಾಳೆ ಡಾಕ್ಟರ ಹತ್ರ ನೀವೂ ಬನ್ನಿ. ನಿಮ್ಮನ್ನೇ ಮರೆತರು ಅಂತ ಅಲ್ಲಿ ಒಂದು ಮಾತು ಹೇಳಿ, ಸಾಕು. ಬರ್ತೀರಾ?’

ಕನ್ನಡಿಯಲ್ಲಿ ಮೂವರೂ ಕಾಣುತ್ತಿದ್ದೆವು. ಕನ್ನಡಕದಮ್ಮ ನನ್ನನ್ನು ನೋಡದೆ ಬಾಗಿಲಿನತ್ತ ನೋಡುತ್ತಿದ್ದರು. ಮಣಿಕಟ್ಟಿನ ಮೇಲಿನ ಹಿಡಿತ ಇನ್ನಷ್ಟು ಬಿಗಿಯಾಯಿತು.

‘ಹೌದು,’ ಎಂದೆ, ‘ಬರ್ತೀನಿ.’